ಕಂಗಿನ ತೋಟದಲ್ಲಿ ಅವಳಿ ಹರಳು

ಮಂಗಳೂರಿನಿಂದ ಹೊರಟ ಬಸ್ಸು ಕಲ್ಲಡ್ಕ ಕಳೆದು ಮಾಣಿಯ ಹತ್ತಿರ ಬರುವಾಗ ಕಿಟಕಿ ಪಕ್ಕ ಕೂತವರಿಗೆ ಒಂದು ನೋಟ ಪುಕ್ಕಟೆ ಸಿಗುತ್ತದೆ. ರಸ್ತೆ ಬದಿಯ ಕಂಗಿನ ತೋಟ ಮೊದಲಿಗೆ ಬರೀ ಕಂಬಗಳ ಕಾಡು. ಬಸ್ಸು ನಾಲ್ಕು ಮಾರು ಮುಂದೆ ಹೋದದ್ದೇ ಆ ಕಾಡು ಸೀಳಿ ಉದ್ದನೆಯ ಓಣಿಯೊಂದು ತೆರೆಯುತ್ತದೆ, ಆಚೆ ತುದಿಯ ಬೆಳಕಿನವರೆಗೂ ಕಣ್ಣು ಹಾಯುತ್ತದೆ. ಮರುಗಳಿಗೆ ಅದು ಮುಚ್ಚಿ ಓರೆಯಾಗಿ ಇನ್ನೊಂದು ತೆರೆಯುತ್ತದೆ. ಅದು ಮೊದಲಿನದಕ್ಕಿಂತ ಇಕ್ಕಟ್ಟು. ಮರಗಳು ನಿಂತಲ್ಲೇ ಇವೆ. ಚೌಕಕ್ಕೆ ಹಿಡಿದು ನೆಟ್ಟ ಕಾರಣಕ್ಕೆ ಇಷ್ಟೆಲ್ಲ ಓಣಿಗಳು ಒಂದೇ ತೋಟದೊಳಗೆ ಅಡಗಿವೆ.

ಅಡಿಕೆಗೆ ಮರದಿಂದ ಮರಕ್ಕೆ 2.7 ಮೀಟರ್, ಹಳೆಯ ಲೆಕ್ಕದಲ್ಲಿ ಒಂಬತ್ತು ಅಡಿ ಅಂತರ ಬೇಕು ಎನ್ನುವುದು ಶಿಫಾರಸು. ಮಾಣಿಗೆ ನೆರೆಯಾದ ವಿಟ್ಲದಲ್ಲಿ ಅಡಿಕೆಯ ಸಂಶೋಧನೆಗೆಂದೇ 1956ರಲ್ಲಿ ಶುರುವಾದ ಕೇಂದ್ರವಿದೆ. ಹಾಗಾಗಿ ಈ ಸೀಮೆಯ ಕೃಷಿಕರಿಗೆ ಅಂತರದ ಪಾಠ ಹೊಸತಲ್ಲ. ಮೇಲಿನಿಂದ ಇಂಥ ತೋಟದ ಚಿತ್ರ ತೆಗೆದು, ಕಾಗದವನ್ನು ಕಾಲು ಸುತ್ತು ತಿರುಗಿಸಿ ಇಟ್ಟರೆ ತಿರುಗಿಸಿದ್ದು ಗೊತ್ತಾಗುವುದಿಲ್ಲ. ಹೀಗೆ ತಿರುಗಿಸಿದರೂ ಮೊದಲಿನಂತೆಯೇ ಕಾಣುವ ಗುಣಕ್ಕೆ ವಿಜ್ಞಾನದಲ್ಲಿ ಸಮ್ಮಿತಿ ಎನ್ನುತ್ತಾರೆ.

ಈಗ ಪ್ರತಿ ಮರಕ್ಕೂ ಒಂದು ಕಾಳುಮೆಣಸಿನ ಬಳ್ಳಿ ಹಬ್ಬಿಸಿ. ಬಳ್ಳಿಯನ್ನು ನೆಡುವುದು ಮರದ ಬಡಗು ಮಗ್ಗುಲಿಗೆ. ತೆಂಕಣ ಮಗ್ಗುಲಿಗೆ ಬೇಸಗೆಯ ಮುಂಚಿನ ತಿಂಗಳುಗಳಲ್ಲಿ ಓರೆ ಬಿಸಿಲು ನೇರ ಬಡಿಯುತ್ತದೆ, ಎಳೆ ಬಳ್ಳಿ ಬಾಡುತ್ತದೆ. ಬಳ್ಳಿ ಬಂದದ್ದೇ ತೋಟದ ಸಮ್ಮಿತಿ ಮುರಿಯಿತು. ಕಾಗದವನ್ನು ಕಾಲು ಸುತ್ತು ತಿರುಗಿಸಿದರೆ ಬುಡಗಳು ಬುಡಗಳ ಮೇಲೆಯೇ ಕೂರುತ್ತವೆ, ಆದರೆ ಬಳ್ಳಿಗಳೆಲ್ಲ ಮೂಡಣಕ್ಕೆ ಬಂದುಬಿಟ್ಟಿರುತ್ತವೆ. ನೆಟ್ಟ ಚೌಕಟ್ಟಿಗೆ ಇರುವ ಸಮ್ಮಿತಿ ನೆಟ್ಟ ವಸ್ತುವಿಗೆ ಇಲ್ಲ. ಈ ಅಧ್ಯಾಯದ ತೊಡಕೆಲ್ಲ ಹುಟ್ಟುವುದು ಈ ಒಂದು ಬಿರುಕಿನಿಂದ.

ಚುಕ್ಕೆಗಳು ಹೇಳುವ ಎರಡು ಸಂಗತಿ

ಪ್ರೋಟೀನ್ ಎಂಬುದು ಸಾವಿರಾರು ಪರಮಾಣುಗಳ ಮಡಿಕೆ. ಅದರ ಆಕಾರ ತಿಳಿಯಲು ಶುದ್ಧ ಪ್ರೋಟೀನಿನ ದ್ರಾವಣವನ್ನು ಹನಿ ಹನಿಯಾಗಿ ಇಟ್ಟು, ನೀರು ನಿಧಾನ ಆರುವಂತೆ ಮಾಡಿ ಹರಳು ಬೆಳೆಸುತ್ತಾರೆ. ಕಲ್ಲುಸಕ್ಕರೆಯಷ್ಟು ಗಟ್ಟಿ ಹರಳು ಇದಲ್ಲ. ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಗಾತ್ರ, ಒಳಗೆ ಸುಮಾರು ಅರ್ಧ ನೀರೇ, ಸೂಜಿ ತಾಗಿದರೆ ಪುಡಿ. ಆದರೂ ಅದರೊಳಗೆ ಕೋಟಿ ಕೋಟಿ ಅಣುಗಳು ಕಂಗಿನ ತೋಟದ ಶಿಸ್ತಿನಲ್ಲಿ ನಿಂತಿರುತ್ತವೆ. ಅಂತರ ಮಾತ್ರ ಒಂಬತ್ತು ಅಡಿಯ ಬದಲು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನ ಆಸುಪಾಸು.

ಇಂಥ ಹರಳಿಗೆ ಕ್ಷ-ಕಿರಣ ಹಾಯಿಸಿದರೆ ಆಚೆ ಬದಿಯ ಪರದೆಯ ಮೇಲೆ ಚುಕ್ಕೆಗಳು ಮೂಡುತ್ತವೆ. ಬಸ್ಸಿನಿಂದ ಕಂಡ ಒಂದೊಂದು ಓಣಿಗೂ ಒಂದೊಂದು ಚುಕ್ಕೆ ಎಂದುಕೊಳ್ಳಿ. 1912ರಲ್ಲಿ ಮ್ಯಾಕ್ಸ್ ಫಾನ್ ಲಾವೆ ಮತ್ತು ಸಂಗಡಿಗರು ಇಂಥ ಚುಕ್ಕೆಗಳನ್ನು ಮೊದಲು ಕಂಡರು. ಚುಕ್ಕೆಗಳಿಂದ ಹರಳಿನ ಒಳಗಿನ ಪಂಕ್ತಿಗಳನ್ನು ಲೆಕ್ಕ ಹಾಕುವ ಬಗೆಯನ್ನು ಬ್ರ್ಯಾಗ್ ತಂದೆ ಮಗ ಕೂಡಲೇ ಬೆಳೆಸಿದರು.

ಚುಕ್ಕೆ ಹೇಳುವ ಸಂಗತಿ ಎರಡು. ಅದು ಎಲ್ಲಿ ಬಿದ್ದಿದೆ ಎನ್ನುವುದು ಚೌಕಟ್ಟಿನ ಸುದ್ದಿ: ಮರದಿಂದ ಮರಕ್ಕೆ ಎಷ್ಟು ದೂರ, ಸಾಲುಗಳ ನಡುವೆ ಎಷ್ಟು ಕೋನ. ಅದು ಎಷ್ಟು ಬೆಳಗಿದೆ ಎನ್ನುವುದು ನೆಟ್ಟ ವಸ್ತುವಿನ ಸುದ್ದಿ: ಬಳ್ಳಿ ಯಾವ ಮಗ್ಗುಲಿಗೆ, ಎಷ್ಟು ದಟ್ಟ. ಪ್ರೋಟೀನಿನ ಆಕಾರವೆಲ್ಲ ಅಡಗಿರುವುದು ಈ ಎರಡನೆಯದರಲ್ಲಿ, ಬೆಳಕಿನ ಏರಿಳಿತದಲ್ಲಿ.

ಎರಡು ತೋಟ, ಒಂದೇ ಚೌಕಟ್ಟು

ಒಂದು ತೋಟದಲ್ಲಿ ಮೂರರಲ್ಲಿ ಎರಡು ಪಾಲು ಜಾಗಕ್ಕೆ ಬಳ್ಳಿ ನೆಟ್ಟವರು ಬಡಗು ಮಗ್ಗುಲು ಹಿಡಿದರು, ಉಳಿದ ಪಾಲು ನೆಟ್ಟವರು ಮೂಡಣ ಮಗ್ಗುಲು ಹಿಡಿದರು ಎನ್ನೋಣ. ಗುಂಡಿ ತೆಗೆದದ್ದು ಒಂದೇ ಹಗ್ಗ ಹಿಡಿದು, ಹಾಗಾಗಿ ಮರಗಳ ಸಾಲು ಗಡಿಯಲ್ಲಿ ತುಸುವೂ ತಪ್ಪಿಲ್ಲ. ದೂರದಿಂದ ಇದು ಒಂದೇ ತೋಟ. ಒಳಹೊಕ್ಕರೆ ಎರಡು.

ಹರಳು ಬೆಳೆಯುವಾಗಲೂ ಹೀಗಾಗುತ್ತದೆ. ಅಣುಗಳು ಪದರ ಪದರವಾಗಿ ಕೂರುತ್ತ ಬರುವಾಗ ಒಂದು ಪದರ ತಿರುಗಿ ಕೂತರೆ, ಅದರ ಮೇಲಿನವೆಲ್ಲ ಅದನ್ನೇ ಅನುಸರಿಸುತ್ತವೆ. ಚೌಕಟ್ಟು ಎರಡಕ್ಕೂ ಹೊಂದುವುದರಿಂದ ಬೆಳವಣಿಗೆ ನಿಲ್ಲುವುದಿಲ್ಲ, ಹರಳು ಒಡೆಯುವುದಿಲ್ಲ, ಸೂಕ್ಷ್ಮದರ್ಶಕದಲ್ಲಿ ಗೆರೆಯೂ ಕಾಣುವುದಿಲ್ಲ. ಇದು ಅವಳಿ ಹರಳು. ಕಲ್ಲುಸಕ್ಕರೆ ಹರಳುಗಳು ಅಂಟಿಕೊಂಡಂತೆ ಹೊರಗೇ ಕಾಣುವ ಜೋಡಿಗಳೂ ಇವೆ. ಅವುಗಳ ಚುಕ್ಕೆಗಳು ಬೇರೆ ಬೇರೆ ಕಡೆ ಬೀಳುವುದರಿಂದ ಜೋಡಿ ಎಂದು ಕೂಡಲೇ ತಿಳಿಯುತ್ತದೆ. ಕಾಡುವುದು ಚೌಕಟ್ಟು ಪೂರಾ ಒಂದಾಗಿರುವ ಅವಳಿ. ಅದರಲ್ಲಿ ಎರಡು ತುಂಡುಗಳ ಚುಕ್ಕೆಗಳು ಒಂದರ ಮೇಲೊಂದು ಬಿದ್ದು, ಎರಡರ ಬೆಳಕೂ ಕೂಡಿಕೊಂಡು ನಮ್ಮ ಕೈಗೆ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. ನಿಜವಾದ ಒಂಟಿ ಹರಳಿನಲ್ಲಿ ಒಂದು ಚುಕ್ಕೆಯ ಬೆಳಕು 100, ಅವಳಿಯ ತಿರುವಿನಿಂದ ಅದರ ಜಾಗಕ್ಕೆ ಬರುವ ಇನ್ನೊಂದು ಚುಕ್ಕೆಯದು 20. ಹರಳಿನ 70 ಪಾಲು ನೆಟ್ಟಗೆ, 30 ಪಾಲು ತಿರುಗಿ ಇದೆ. ಆಗ ಮೊದಲ ಜಾಗದಲ್ಲಿ ಕಾಣುವುದು 70ಕ್ಕೆ 6 ಕೂಡಿ 76. ಎರಡನೆಯ ಜಾಗದಲ್ಲಿ 14ಕ್ಕೆ 30 ಕೂಡಿ 44. ತಿರುಗಿದ ಪಾಲು, ಅಂದರೆ ಅವಳಿ ಪಾಲು, 0.3 ಎಂದು ಗೊತ್ತಿದ್ದರೆ ಹಿಂದಕ್ಕೆ ಲೆಕ್ಕ ಹಾಕಬಹುದು: 76ರ 0.7 ಪಾಲಿನಿಂದ 44ರ 0.3 ಪಾಲನ್ನು ಕಳೆದು 0.4ರಿಂದ ಭಾಗಿಸಿದರೆ ಮತ್ತೆ 100. ಬೆರೆತ ಚುಕ್ಕೆಗಳನ್ನು ಹೀಗೆ ಬಿಡಿಸುವ ಬಗೆಯನ್ನು 1980ರಲ್ಲಿ ಫಿಷರ್ ಮತ್ತು ಸ್ವೀಟ್ ಪ್ರೋಟೀನ್ ಹರಳುಗಳಿಗೆ ಅನ್ವಯಿಸಿ ವಿವರವಾಗಿ ಬರೆದರು.

ಅಪಾಯ ಇರುವುದು ಆ ಭಾಗಿಸುವ ಅಂಕಿಯಲ್ಲಿ. ಅವಳಿ ಪಾಲು 0.45 ಆದರೆ ಅದು 0.1ಕ್ಕೆ ಇಳಿಯುತ್ತದೆ. ಆಗ ಅಳತೆಯಲ್ಲಿ ಒಂದು ಅಂಕದ ತಪ್ಪಾದರೆ ಉತ್ತರದಲ್ಲಿ ಐದೂವರೆ ಅಂಕದ ತಪ್ಪು. ಪಾಲು ಸರಿಯಾಗಿ ಅರ್ಧರ್ಧ ಆಯಿತೋ, ಎರಡೂ ಚುಕ್ಕೆ 60 ಎಂದೇ ಕಾಣುತ್ತವೆ, ಭಾಗಿಸಲು ಸೊನ್ನೆ ಉಳಿಯುತ್ತದೆ. ಕಳೆದು ಭಾಗಿಸಿ ಬಿಡಿಸುವ ದಾರಿ ಅಲ್ಲಿಗೆ ಮುಗಿಯಿತು.

ಅರ್ಧರ್ಧದ ಅವಳಿ ಇನ್ನೊಂದು ಮೋಸವನ್ನೂ ಮಾಡುತ್ತದೆ. ಎರಡು ಜಾಗದ ಚುಕ್ಕೆ ಸಮನಾಗಿ ಬೆಳಗಿದವು ಎಂದರೆ ನೋಡಿದವರು ಏನು ಹೇಳಬೇಕು? ಈ ಹರಳಿಗೆ ಆ ಸಮ್ಮಿತಿ ಇದೆ ಎಂದೇ ಹೇಳಬೇಕು. ಬಳ್ಳಿ ಬಡಗಿಗೂ ಇದೆ, ಮೂಡಣಕ್ಕೂ ಇದೆ ಎಂದು ದೂರದಿಂದ ವರದಿ ಬಂದಂತೆ. ಹಾಗೆ ಎರಡು ಬಳ್ಳಿ ಇರುವ ಮರ ತೋಟದಲ್ಲಿ ಒಂದೂ ಇಲ್ಲ.

ಬರಡು ಮರ ಕಾಣೆಯಾದಾಗ

ಈ ಮೋಸವನ್ನು ಹಿಡಿಯುವ ಉಪಾಯ ಮಂಕು ಚುಕ್ಕೆಗಳಲ್ಲಿದೆ.

ತೋಟದಲ್ಲಿ ಕೆಲವು ಮರ ಹೊರಲಾರದಷ್ಟು ಗೊನೆ ಬಿಡುತ್ತವೆ, ಕೆಲವು ಬರಡು. ಮರಕ್ಕೊಂದು ಗೋಣಿ ಇಟ್ಟು ತೂಗಿದರೆ ತೀರಾ ಹಗುರದ ಗೋಣಿಗಳು ಒಂದಷ್ಟು ಸಿಕ್ಕೇ ಸಿಗುತ್ತವೆ. ಎರಡೆರಡು ಮರದ ಫಸಲನ್ನು ಒಂದೇ ಗೋಣಿಗೆ ತುಂಬಿ ತೂಗಿದರೆ ಬರಡು ಮರ ಲೆಕ್ಕದಿಂದ ಕಾಣೆಯಾಗುತ್ತದೆ, ಜೊತೆಯಾದ ಎರಡೂ ಬರಡಾಗುವುದು ಅಪರೂಪ.

ಒಂಟಿ ಹರಳಿನ ಚುಕ್ಕೆಗಳಲ್ಲಿ ಸರಾಸರಿಯ ಹತ್ತನೇ ಒಂದಕ್ಕಿಂತ ಮಂಕಾದವು ನೂರಕ್ಕೆ ಸುಮಾರು 9.5 ಇರಬೇಕು ಎಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಅರ್ಧರ್ಧದ ಅವಳಿಯಲ್ಲಿ ಆ ಸಂಖ್ಯೆ 1.8ಕ್ಕೆ ಕುಸಿಯುತ್ತದೆ. ಇದೇ ಮಾತನ್ನು ಇನ್ನೊಂದು ಅಂಕಿಯಲ್ಲೂ ಹೇಳಬಹುದು. ಬೆಳಕಿನ ವರ್ಗದ ಸರಾಸರಿಯನ್ನು ಸರಾಸರಿಯ ವರ್ಗದಿಂದ ಭಾಗಿಸಿದರೆ ಒಂಟಿ ಹರಳಿಗೆ 2, ಅರ್ಧರ್ಧದ, ಅಂದರೆ ಪೂರ್ಣ ಅವಳಿಗೆ 1.5. ತಮ್ಮ ಚುಕ್ಕೆಗಳಲ್ಲಿ ಏರಿಳಿತವೇ ಕಮ್ಮಿ, ಎಲ್ಲವೂ ನಯವಾಗಿದೆ ಎಂದು ಕಂಡರೆ ಹರಳುಶಾಸ್ತ್ರಜ್ಞರು ಖುಷಿಪಡುವುದಿಲ್ಲ, ಎದೆ ಧಸಕ್ಕೆನ್ನುತ್ತದೆ.

ಆದರೆ ಏರಿಳಿತ ಬೇರೆ ಕಾರಣಕ್ಕೂ ಬದಲಾಗುತ್ತದೆ. ಅಣುಗಳು ಸರಿಸುಮಾರು ಅರ್ಧ ಅಂತರಕ್ಕೆ ಇನ್ನೊಮ್ಮೆ ಸಾಲು ಕಟ್ಟಿದ್ದರೆ ಒಂದು ಬಿಟ್ಟು ಒಂದು ಚುಕ್ಕೆ ಮಂಕಾಗುತ್ತದೆ. ಆಗ ಮಂಕು ಚುಕ್ಕೆಗಳ ಸಂಖ್ಯೆ ಏರಿ, ಅವಳಿಯ ಗುರುತನ್ನು ಮುಚ್ಚಿಬಿಡುತ್ತದೆ. ಇದಕ್ಕೆ 2003ರಲ್ಲಿ ಪದಿಲ್ಲಾ ಮತ್ತು ಟಾಡ್ ಯೇಟ್ಸ್ ಒಂದು ಸರಳ ಪರೀಕ್ಷೆ ಕೊಟ್ಟರು. ಇಡೀ ತೋಟದ ಸರಾಸರಿ ಬೇಡ, ನೆರೆಹೊರೆಯ ಎರಡು ಚುಕ್ಕೆಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ. ನೆರೆಯನ್ನು ಆರಿಸುವಾಗ ಮಂಕು ಸಾಲಿಗೆ ಮಂಕು ಸಾಲು, ಬೆಳಗುವ ಸಾಲಿಗೆ ಬೆಳಗುವ ಸಾಲು ಜೊತೆಯಾಗುವಂತೆ ನೋಡಿಕೊಳ್ಳಿ. ಸರಾಸರಿ 0.5 ಬಂದರೆ ಒಂಟಿ, 0.375ರ ಹತ್ತಿರ ಬಂದರೆ ಪೂರ್ಣ ಅವಳಿ. ಈ ಪರೀಕ್ಷೆಗೆ ಎಲ್ ಪರೀಕ್ಷೆ ಎಂದು ಹೆಸರು. ಇಂದು ಪ್ರೋಟೀನ್ ಹರಳಿನ ಮಾಹಿತಿ ಕೈಗೆ ಬಂದ ಕೂಡಲೇ ಮಾಡುವ ಮೊದಲ ತಪಾಸಣೆಗಳಲ್ಲಿ ಇದೂ ಒಂದು.

ಅವಳಿ ಎಂದು ತಿಳಿದ ಮೇಲೆ ಹರಳನ್ನು ಎಸೆಯಬೇಕೆಂದೇನಿಲ್ಲ. ಉಪ್ಪುನೀರಿನ ಸೂಕ್ಷ್ಮಜೀವಿಯ ಪೊರೆಯಲ್ಲಿ ಬೆಳಕನ್ನು ಹಿಡಿಯುವ ಬ್ಯಾಕ್ಟೀರಿಯೊರೊಡಾಪ್ಸಿನ್ ಎಂಬ ಪ್ರೋಟೀನಿನ ಷಟ್ಕೋನ ಚೌಕಟ್ಟಿನ ಹರಳುಗಳು ಅವಳಿಯಾಗಿಯೇ ಬೆಳೆಯುತ್ತಿದ್ದವು. 1999ರಲ್ಲಿ ಅಂಥ ಹರಳುಗಳಿಂದಲೇ 1.55 ಆಂಗ್‌ಸ್ಟ್ರಾಂ (ಪರಮಾಣುಗಳ ಗಾತ್ರ ಅಳೆಯುವ ಮಾನ) ಸೂಕ್ಷ್ಮತೆಯ ರಚನೆ ಬಂತು. ಬೆರೆತದ್ದನ್ನು ಬಿಡಿಸಲು ಹೋಗದೆ, ಮಾದರಿಯನ್ನೇ ಬೆರೆಸಿ ನೋಡುವುದು ಇಲ್ಲಿನ ಉಪಾಯ. ಒಂದು ಮಾದರಿ ಕಟ್ಟಿ, ಅದರ ಚುಕ್ಕೆಗಳನ್ನು ಲೆಕ್ಕ ಹಾಕಿ, ಅವಳಿ ಪಾಲಿನಂತೆ ಕೂಡಿಸಿ, ಬಂದದ್ದನ್ನು ಪರದೆಯ ಚುಕ್ಕೆಗೆ ಹೋಲಿಸುತ್ತಾರೆ. ಸೊನ್ನೆಯಿಂದ ಭಾಗಿಸುವ ಪ್ರಶ್ನೆಯೇ ಬರುವುದಿಲ್ಲ.

ಆದರೆ ಇಲ್ಲೂ ಒಂದು ಹೊಂಡವಿದೆ. ಮಾದರಿಗೂ ಅಳತೆಗೂ ಇರುವ ವ್ಯತ್ಯಾಸದ ಅಂಕಿ ಅವಳಿ ಲೆಕ್ಕದಲ್ಲಿ ತಾನಾಗಿಯೇ ಇಳಿಯುತ್ತದೆ, ಏರಿಳಿತ ಕಮ್ಮಿಯಾದದ್ದನ್ನು ಊಹಿಸುವುದು ಸುಲಭವಲ್ಲವೆ? ಅಂಕಿ ಇಳಿದದ್ದನ್ನೇ ಮಾದರಿ ಸುಧಾರಿಸಿದ್ದು ಎಂದು ತಿಳಿದರೆ ಕೆಟ್ಟೆವು. ಮಾದರಿ ಕಟ್ಟಲು ಬಳಸದೆ ತಪಾಸಣೆಗೆಂದು ಬದಿಗಿಟ್ಟ ಚುಕ್ಕೆಗಳ ಅವಳಿ ಜೊತೆಯನ್ನೂ ಬದಿಗಿಡಬೇಕು. ಇಲ್ಲದಿದ್ದರೆ ಪರೀಕ್ಷೆಯ ಉತ್ತರ ಮೊದಲೇ ಮಾದರಿಯ ಕಿವಿಗೆ ಬಿದ್ದಿರುತ್ತದೆ.

ಮಾಣಿಯಲ್ಲಿ ಕವಲೊಡೆದ ದಾರಿ

ಅವಳಿಯೇ ಇಲ್ಲದ ಒಳ್ಳೆಯ ಹರಳಿನಲ್ಲೂ ಗೊಂದಲ ಹುಟ್ಟಬಹುದು. ಮಾಣಿಯಲ್ಲಿ ಇಳಿದು ಘಟ್ಟ ಹತ್ತುವ ಬಸ್ಸು ಯಾವುದು ಎಂದು ಕೇಳಿ. ನೇರ ಹೋದರೆ ಉಪ್ಪಿನಂಗಡಿ, ಶಿರಾಡಿ ಘಾಟಿ, ಹಾಸನ. ಬಲಕ್ಕೆ ತಿರುಗಿದರೆ ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ, ಮೈಸೂರು. ಎರಡೂ ಘಟ್ಟದ ದಾರಿಯೇ, ಎರಡರಲ್ಲೂ ಬೆಂಗಳೂರು ಮುಟ್ಟಬಹುದು. ಸಾವಿರ ಪ್ರಯಾಣಿಕರು ಊರ ಹೆಸರು ಬರೆಯದೆ ಬರೀ ಒಂದು ಗಂಟೆಯ ಮೇಲೆ ಏನು ಕಂಡಿತು, ಎರಡು ಗಂಟೆಯ ಮೇಲೆ ಏನು ಕಂಡಿತು ಎಂದು ಬರೆದಿಟ್ಟರೆ, ಆ ಟಿಪ್ಪಣಿಗಳನ್ನೆಲ್ಲ ಒಟ್ಟುಹಾಕಿ ಸರಾಸರಿ ತೆಗೆದಾಗ ಭೂಮಿಯ ಮೇಲೆ ಇಲ್ಲದ ಮೂರನೆಯ ರಸ್ತೆಯೊಂದು ಹುಟ್ಟುತ್ತದೆ.

ಸ್ಟ್ಯಾನ್‌ಫರ್ಡಿನ ಎಕ್ಸ್-ರೇ ಲೇಸರ್ ಕೇಂದ್ರದಲ್ಲಿ ಆದದ್ದು ಇದೇ. ಗಿಡಗಳಂತೆ ಬೆಳಕಿನಿಂದ ಅನ್ನ ಬೇಯಿಸುವ ಸೂಕ್ಷ್ಮಜೀವಿಗಳ ಫೋಟೋಸಿಸ್ಟಮ್-1 ಎಂಬ ಪ್ರೋಟೀನ್ ಗೊಂಚಲಿನ ಅತಿ ಸಣ್ಣ ಹರಳುಗಳನ್ನು ಲೇಸರಿನ ಮುಂದೆ ಹರಿಯಬಿಟ್ಟು ಮೂವತ್ತು ಲಕ್ಷಕ್ಕೂ ಹೆಚ್ಚು ಚಿತ್ರ ತೆಗೆದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಒಂದು ಹರಳಿಗೆ ಒಂದೇ ಚಿತ್ರ, ಆಮೇಲೆ ಹರಳು ಉಳಿಯುವುದಿಲ್ಲ. ಚೌಕಟ್ಟು ಷಟ್ಕೋನ, ಒಳಗಿನ ಅಣುವಿಗೆ ಅಷ್ಟು ಸಮ್ಮಿತಿ ಇಲ್ಲ. ಹಾಗಾಗಿ ಪ್ರತಿ ಚಿತ್ರದ ಚುಕ್ಕೆಗಳಿಗೆ ಹೆಸರಿಡುವ ರೀತಿ ಎರಡು, ಯಾವುದು ಸರಿ ಎಂದು ಆ ಒಂದು ಚಿತ್ರದಿಂದ ತಿಳಿಯುವುದಿಲ್ಲ. ಒಟ್ಟುಹಾಕಿದ ಮಾಹಿತಿ ಪೂರ್ಣ ಅವಳಿ ಹರಳಿನದರಂತೆ ಬಂತು, ಹರಳುಗಳಲ್ಲಿ ಅವಳಿ ಇಲ್ಲದಿದ್ದರೂ. 2014ರಲ್ಲಿ ಬ್ರೆಮ್ ಮತ್ತು ಡಿಡೆರಿಕ್ಸ್ ಇದಕ್ಕೆ ದಾರಿ ತೋರಿಸಿದರು: ಚಿತ್ರಗಳನ್ನು ಜೋಡಿ ಜೋಡಿಯಾಗಿ ಹೋಲಿಸುತ್ತ ಹೋಗಿ, ಒಂದಕ್ಕೊಂದು ಒಗ್ಗುವವು ತಾವಾಗಿ ಎರಡು ಗುಂಪಾಗುತ್ತವೆ. ಶಿರಾಡಿಯವರ ಟಿಪ್ಪಣಿ ಶಿರಾಡಿಯವರದ್ದಕ್ಕೆ, ಸಂಪಾಜೆಯವರದ್ದು ಸಂಪಾಜೆಯವರದ್ದಕ್ಕೆ ಹೊಂದಿದಂತೆ.

ಕಂಬ ಸಾವಿರ, ಒಂದರಂತೆ ಇನ್ನೊಂದಿಲ್ಲ

ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು. ಬಾಗಿಲಲ್ಲಿ ನಿಂತರೆ ಕಂಬಗಳೆಲ್ಲ ಒಂದೇ ಅಚ್ಚಿನವು. ಹತ್ತಿರ ಹೋಗಿ ಕೆತ್ತನೆ ನೋಡಿದರೆ ಒಂದರಂತೆ ಇನ್ನೊಂದಿಲ್ಲ ಎನ್ನುವುದು ಊರಿನ ಹೆಮ್ಮೆ. ಬಾಗಿಲಲ್ಲಿ ಕಂಡದ್ದು ಹುಸಿ ಸಮ್ಮಿತಿ.

ಪ್ರೋಟೀನುಗಳಿಗೆ ಈ ಹುಸಿ ಸಮ್ಮಿತಿ ಬಲು ಇಷ್ಟ. ಇನ್ಸುಲಿನ್ ನೋಡಿ. ಡೊರೊತಿ ಹಾಡ್ಜ್‌ಕಿನ್ ಅದರ ಹರಳಿನ ಕ್ಷ-ಕಿರಣ ಚಿತ್ರವನ್ನು 1935ರಲ್ಲಿ ಪ್ರಕಟಿಸಿದರು, ರಚನೆ ಬಿಡಿಸಿದ್ದು 1969ರಲ್ಲಿ. ಆರು ಇನ್ಸುಲಿನ್ ಅಣುಗಳು ಸತುವಿನ ಎರಡು ಪರಮಾಣುಗಳ ಸುತ್ತ ಗುಂಪು ಕಟ್ಟಿದ ಆ ಹರಳಿನಲ್ಲಿ ಮೂರು ಸುತ್ತಿನ ಸಮ್ಮಿತಿ, ಅಂದರೆ ಸುತ್ತಿನ ಮೂರನೇ ಒಂದು ಪಾಲು ತಿರುಗಿಸಿದರೂ ಮೊದಲಿನಂತೆಯೇ ಕಾಣುವ ಗುಣ, ನಿಜವಾದದ್ದು. ಅಡ್ಡಲಾಗಿ ಇರುವ ಎರಡು ಸುತ್ತಿನ ಸಮ್ಮಿತಿ ಹುಸಿ: ಜೋಡಿಯ ಎರಡು ಅಣುಗಳು ಬಹುಪಾಲು ಒಂದೇ ಬಗೆ, ಕೆಲವೆಡೆ ಮಡಿಕೆ ಬೇರೆ. ಹಾಡ್ಜ್‌ಕಿನ್ ತಂಡದಲ್ಲಿ ತ್ರಿಶೂರು ಸೀಮೆಯಿಂದ ಹೋಗಿದ್ದ ಎಂ. ವಿಜಯನ್ ಎಂಬ ಯುವಕರಿದ್ದರು. 1971ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಜಿ.ಎನ್. ರಾಮಚಂದ್ರನ್ ಅಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದ ವರ್ಷವೂ ಅದೇ.

ಪ್ರೋಟೀನ್ ಹರಳುಗಳ ಕೆಲಸಕ್ಕೆ ವಿಜಯನ್ ಮತ್ತು ಅವಧೇಶ ಸುರೋಲಿಯಾ ಆರಿಸಿಕೊಂಡದ್ದು ನಮ್ಮ ಅಡುಗೆಮನೆಯ ಸಾಮಾನು: ನೆಲಗಡಲೆ, ಹಲಸಿನ ಬೀಜ, ಬಾಳೆಹಣ್ಣು. ಇವುಗಳಲ್ಲಿ ಲೆಕ್ಟಿನ್ ಎಂಬ ಪ್ರೋಟೀನುಗಳಿವೆ. ಜೀವಕೋಶದ ಮೈಮೇಲಿನ ಸಕ್ಕರೆಗಳನ್ನು ಗುರುತಿಸಿ ಹಿಡಿಯುವುದು ಅವುಗಳ ಗುಣ. ಆಟಿ ತಿಂಗಳಿಗೆಂದು ಉಪ್ಪಲ್ಲಿ ಬೇಯಿಸಿ ಒಣಗಿಸಿಟ್ಟ ಸಾಂತಾಣಿ ಕಡಿಯುವಾಗ ನಮ್ಮ ಹಲ್ಲಿಗೆ ಸಿಗುವ ಆ ಬೀಜದ ಹಸಿ ರೂಪದಲ್ಲಿ ಇಂಥ ಲೆಕ್ಟಿನ್ ಒಂದಲ್ಲ, ಎರಡಿವೆ.

ಮೊದಲನೆಯದು ಜಕಾಲಿನ್. 1996ರಲ್ಲಿ ಅದರ ರಚನೆ ಹೊರಬಂದಾಗ ಅದುವರೆಗೆ ಲೆಕ್ಟಿನ್‌ಗಳಲ್ಲಿ ಕಾಣದ ಮಡಿಕೆಯೊಂದು ಸಿಕ್ಕಿತು. ಮೂರು ಹಾಳೆಗಳು ಪಟ್ಟಕದ ಮೂರು ಮುಖಗಳಂತೆ ನಿಂತಿವೆ. ತಿರುಗಿಸಿದರೆ ಒಂದು ಇನ್ನೊಂದರ ಜಾಗಕ್ಕೆ ಸರಿಸುಮಾರು ಹೊಂದುತ್ತದೆ. ಆದರೆ ಸಕ್ಕರೆ ಹಿಡಿಯುವ ಜಾಗ ಒಂದೇ. ಇದೇ ಮಡಿಕೆಯ ಬಾಳೆಹಣ್ಣಿನ ಲೆಕ್ಟಿನ್‌ನಲ್ಲಿ ಅಂಥ ಜಾಗ ಎರಡು ಎಂದು ಅದೇ ಗುಂಪು 2005ರಲ್ಲಿ ತೋರಿಸಿತು. ಹಲಸಿನ ಎರಡನೆಯ ಲೆಕ್ಟಿನ್ ಆರ್ಟೊಕಾರ್ಪಿನ್, ರಚನೆ ತಿಳಿದದ್ದು 2002ರಲ್ಲಿ. ಮಡಿಕೆ ಜಕಾಲಿನ್‌ನದೇ. ಜಕಾಲಿನ್ ಬೀಜದೊಳಗೇ ಕತ್ತರಿಸಿ 133 ಮತ್ತು 20 ಅಮೈನೋ ಆಮ್ಲದ ಕೊಂಡಿಗಳ ಎರಡು ತುಂಡಾಗುತ್ತದೆ, ಆರ್ಟೊಕಾರ್ಪಿನ್ ಇಡಿಯಾಗಿ ಉಳಿಯುತ್ತದೆ. ಕತ್ತರಿಸಿದ ತುದಿಯೇ ಜಕಾಲಿನ್‌ಗೆ ಗ್ಯಾಲಕ್ಟೋಸ್ ಹಿಡಿಯುವ ಬೆರಳಾಗುತ್ತದೆ. ಆರ್ಟೊಕಾರ್ಪಿನ್‌ಗೆ ಬೇಕಾದದ್ದು ಮ್ಯಾನೋಸ್. ಒಂದೇ ಬೀಜ, ಒಂದೇ ಮಡಿಕೆ, ರುಚಿ ಬೇರೆ. ಆ ಒಂದು ಕತ್ತರಿಯ ಗುರುತನ್ನು ಸರಾಸರಿಯಲ್ಲಿ ಅಳಿಸಿಹಾಕಿದ್ದರೆ ಕಥೆಯೇ ಹೋಗುತ್ತಿತ್ತು.

ನೆಲಗಡಲೆಯ ಕಥೆ ಇದರ ಮಗ್ಗುಲು ಬದಲಿಸಿದ್ದು. ಅದರ ಲೆಕ್ಟಿನ್‌ನ ಹರಳು ಬೆಳೆದ ಸುದ್ದಿ 1982ರಲ್ಲಿ ಬಂತು, ರಚನೆ ಬಂದದ್ದು 1994ರಲ್ಲಿ. ಒಂದೇ ಬಗೆಯ ನಾಲ್ಕು ತುಂಡು ಸೇರಿ ಆದ ಪ್ರೋಟೀನ್ ಇದು. ನಾಲ್ಕು ಸಮ ತುಂಡು ಸೇರಿದರೆ ಚೌಕಕ್ಕೋ, ಒಂದಕ್ಕೊಂದು ಲಂಬವಾದ ಮೂರು ಅಕ್ಷಗಳಿಗೋ ಹೊಂದಿ, ಮುಚ್ಚಿದ ಸಮ್ಮಿತಿಯ ಗುಂಪಾಗಬೇಕು ಎನ್ನುವುದು ಜೀವರಸಾಯನದ ರೂಢಿಯ ನಂಬಿಕೆ. ನೆಲಗಡಲೆ ಅದಕ್ಕೆ ಒಗ್ಗಲಿಲ್ಲ. ತುಂಡು ತುಂಡುಗಳ ನಡುವೆ ಎರಡು ಸುತ್ತಿನ ಜೋಡಣೆ ಇದೆ, ಆದರೆ ನಾಲ್ಕೂ ಸೇರಿದ ಗುಂಪು ಮುಚ್ಚಿಕೊಳ್ಳುವುದಿಲ್ಲ, ಒಂದು ಬದಿ ತೆರೆದೇ ಇದೆ. ಇಂಥ ಉತ್ತರ ಬಂದಾಗ ಮೊದಲು ಅನುಮಾನ ಬೀಳುವುದು ತಮ್ಮ ಲೆಕ್ಕದ ಮೇಲೆಯೇ. 1996ರಲ್ಲಿ ಲ್ಯಾಕ್ಟೋಸ್ ಹಿಡಿದ ರೂಪವನ್ನು 2.25 ಆಂಗ್‌ಸ್ಟ್ರಾಂ ಸೂಕ್ಷ್ಮತೆಯಲ್ಲಿ ನೋಡಿದಾಗಲೂ ಆ ಬದಿ ತೆರೆದೇ ಇತ್ತು.

ಅನುಮಾನದ ಕ್ರಮ

ಬಲಗೈ ಎಡಗೈಯಂಥ ಭೇದ ಪ್ರೋಟೀನುಗಳಿಗೆ ಇರುವುದರಿಂದ ಕನ್ನಡಿ ಸಮ್ಮಿತಿ ಅವುಗಳ ಹರಳಿಗೆ ಒಗ್ಗುವುದಿಲ್ಲ. ಹಾಗಾಗಿ ಹರಳುಗಳಿಗೆ ಸಾಧ್ಯವಾದ 230 ಸಮ್ಮಿತಿ ಗುಂಪುಗಳಲ್ಲಿ ಪ್ರೋಟೀನಿಗೆ ಉಳಿಯುವುದು 65. ಅದರಲ್ಲಿ ಸರಿಯಾದದ್ದನ್ನು ಹೇಗೆ ಆರಿಸುವುದು?

ಅನುಭವಸ್ಥರು ಮೊದಲು ಏನೂ ಸಮ್ಮಿತಿ ಇಲ್ಲ ಎಂದೇ ಹೊರಡುತ್ತಾರೆ. ಒಂದೊಂದು ತಿರುವಿಗೂ ಚುಕ್ಕೆಗಳು ಎಷ್ಟು ಹೊಂದುತ್ತವೆ ಎಂದು ಬೇರೆ ಬೇರೆಯಾಗಿ ಅಳೆಯುತ್ತಾರೆ. ಫಿಲ್ ಇವಾನ್ಸ್ ಬರೆದ ಪಾಯಿಂಟ್‌ಲೆಸ್ ಎಂಬ ಕಂಪ್ಯೂಟರ್ ಕ್ರಮವಿಧಿ ಮಾಡುವ ಕೆಲಸ ಇದು. ಆಮೇಲೆ ಎಲ್ ಪರೀಕ್ಷೆ. ಹೆಚ್ಚಿನ ಸಮ್ಮಿತಿ ಕಂಡು, ಪರೀಕ್ಷೆಯೂ ಒಂಟಿ ಹರಳು ಎಂದರೆ ನಂಬಬಹುದು. ಹೆಚ್ಚಿನ ಸಮ್ಮಿತಿ ಕಂಡು, ಪರೀಕ್ಷೆ 0.375ರ ಕಡೆ ವಾಲಿದರೆ ಒಂದು ಮೆಟ್ಟಿಲು ಕೆಳಗಿಳಿದು, ಕಮ್ಮಿ ಸಮ್ಮಿತಿಯ ಅವಳಿ ಎಂದು ಹಿಡಿದು ಮತ್ತೆ ಶುರು. ಅಣುಗಳು ಸುತ್ತಿ ಏರುವುದು ಬಲ ಸುರುಳಿಯಲ್ಲೋ ಎಡ ಸುರುಳಿಯಲ್ಲೋ ಎಂಬುದು ಚುಕ್ಕೆಗಳಿಂದ ತಿಳಿಯದ ಕಡೆ ಎರಡನ್ನೂ ಹಾಕಿ ನೋಡುತ್ತಾರೆ. ಕೊನೆಗೆ ಮಾದರಿಯನ್ನು ಸಮ್ಮಿತಿಯಿಲ್ಲದ ಚೌಕಟ್ಟಿಗೆ ಬಿಡಿಸಿ ಕೂರಿಸಿ, ಪ್ರತಿ ಅಣುವಿಗೂ ತನ್ನಿಷ್ಟದಂತೆ ಕದಲಲು ಬಿಟ್ಟು, ಅವು ತಾವಾಗಿಯೇ ಯಾವ ಸಮ್ಮಿತಿಗೆ ಮರಳುತ್ತವೆ ಎಂದು ಕಾಯುತ್ತಾರೆ. ಮೇಲಿಂದ ಹೇರಿದ್ದಲ್ಲ, ಬಿಟ್ಟಾಗಲೂ ಉಳಿದದ್ದೇ ನಿಜವಾದ ಸಮ್ಮಿತಿ.

ಅವಳಿ ಹರಳು ಇಲ್ಲದ ಸಮ್ಮಿತಿಯನ್ನು ತೋರಿಸಿತು, ನೆಲಗಡಲೆ ಇರಬೇಕೆಂದಿದ್ದ ಸಮ್ಮಿತಿಯನ್ನು ಕೊಡಲಿಲ್ಲ. ಎರಡು ಕಡೆಯೂ ಕೇಳಬೇಕಾದ ಪ್ರಶ್ನೆ ಒಂದೇ. ಬಸ್ಸಿನ ಕಿಟಕಿಯಿಂದ ಓಣಿ ಚಂದ ಕಾಣುತ್ತದೆ. ಬಳ್ಳಿ ಯಾವ ಮಗ್ಗುಲಲ್ಲಿದೆ ಎಂದು ತಿಳಿಯಲು ಮಾಣಿಯಲ್ಲಿ ಇಳಿದು, ತೋಟದ ಕಣಿ ದಾಟಿ, ಮರದ ಬುಡಕ್ಕೇ ಹೋಗಬೇಕು.